ಜನ ಕಡಿಮೆ ಇರುವ ರೈಲಿಗೆ ಸರ್ಕಾರದ ದುಡ್ಡು ಹಾಕಬೇಕಾ?

ಕೆಲವು ವರ್ಷಗಳ ಹಿಂದೆ ರೈಲ್ವೆ ಟಿಕೆಟ್ ಮೇಲೆ ಒಂದು ಸಾಲು ಅಚ್ಚಾಗಿ ಬರತೊಡಗಿತು. ಪ್ರಯಾಣಕ್ಕೆ ಆಗುವ ಖರ್ಚಿನಲ್ಲಿ ರೈಲ್ವೆಗೆ ವಾಪಸ್ ಬರುವುದು ಸರಾಸರಿ ಶೇಕಡಾ 57 ಮಾತ್ರ ಅಂತ. ಕಾಲಿಡಲು ಜಾಗ ಇಲ್ಲದ ಜನರಲ್ ಬೋಗಿಯಲ್ಲಿ ನಿಂತು ಹೋಗುವವರ ಕೈಗೂ ಈ ಸಾಲು ಬಂತು. ಅಂದರೆ ತುಂಬಿದ ರೈಲಾದರೂ ಸರಿ, ಖಾಲಿ ರೈಲಾದರೂ ಸರಿ, ನಮ್ಮ ದೇಶದಲ್ಲಿ ಪ್ರಯಾಣಿಕರ ಸೇವೆ ಒಟ್ಟಾರೆ ನಷ್ಟದಲ್ಲೇ ನಡೆಯುತ್ತದೆ. ಉಳಿದ ಹಣವನ್ನು ಬಹುಪಾಲು ತುಂಬಿಕೊಡುವುದು ಕಲ್ಲಿದ್ದಲು, ಅದಿರು, ಸಿಮೆಂಟು ಹೊರುವ ಗೂಡ್ಸ್ ರೈಲುಗಳು.

ಇದನ್ನು ಮೊದಲೇ ಹೇಳಲು ಕಾರಣ ಇದೆ. ಸಣ್ಣ ಮಾರ್ಗಗಳ ಮಾತು ಬಂದಾಗೆಲ್ಲ ‘ಅದು ನಷ್ಟದ ಲೈನು’ ಅನ್ನುವುದೇ ಕೊನೆಯ ಮಾತಾಗಿಬಿಡುತ್ತದೆ. ಆದರೆ ನಷ್ಟ ಅನ್ನುವುದು ಸಣ್ಣ ಮಾರ್ಗಗಳಿಗೆ ಮಾತ್ರ ಅಂಟಿದ ರೋಗ ಅಲ್ಲ. ಹಾಗಾಗಿ ಕೇಳಬೇಕಾದ ಪ್ರಶ್ನೆ ಬೇರೆ: ಈ ಮಾರ್ಗಕ್ಕೆ ಹಾಕುವ ಪ್ರತಿ ರೂಪಾಯಿಗೆ ಜನರಿಗೆ ಏನು ಸಿಗುತ್ತಿದೆ? ನಿಲ್ಲಿಸಿದರೆ ನಿಜವಾಗಿ ಎಷ್ಟು ಉಳಿಯುತ್ತದೆ?

ಮೊದಲು ‘ಜನ ಕಡಿಮೆ’ ಅನ್ನುವುದನ್ನು ಅಳೆಯುವುದು ಹೇಗೆ ಅಂತ ನೋಡೋಣ. ಒಂದು ಸ್ಟೇಷನ್‌ನಲ್ಲಿ ಎಷ್ಟು ಜನ ಹತ್ತಿದರು ಅಂತ ಎಣಿಸಿದರೆ ಸಾಕಾಗುವುದಿಲ್ಲ. ಒಬ್ಬರು ಐದು ಕಿಲೋಮೀಟರ್ ಹೋಗಬಹುದು, ಇನ್ನೊಬ್ಬರು ಐವತ್ತು. ಜಪಾನಿನವರು ಇದಕ್ಕೆ ಒಂದು ಲೆಕ್ಕ ಬಳಸುತ್ತಾರೆ. ಮಾರ್ಗದ ಒಂದೊಂದು ಕಿಲೋಮೀಟರನ್ನೂ ದಿನಕ್ಕೆ ಸರಾಸರಿ ಎಷ್ಟು ಪ್ರಯಾಣಿಕರು ದಾಟುತ್ತಾರೆ ಅಂತ ನೋಡುತ್ತಾರೆ. 1980ರಲ್ಲಿ ಅಲ್ಲಿ ಒಂದು ಕಾನೂನು ಬಂತು. ಈ ಸಂಖ್ಯೆ 4,000ಕ್ಕಿಂತ ಕಡಿಮೆ ಇರುವ ಮಾರ್ಗಗಳನ್ನು ಬಸ್ಸಿಗೆ ಬದಲಾಯಿಸಬೇಕು, ಇಲ್ಲವೇ ಸ್ಥಳೀಯರು ಸೇರಿ ಕಂಪನಿ ಮಾಡಿಕೊಂಡು ನಡೆಸಬೇಕು ಅಂತ. ಹೀಗೆ 83 ಮಾರ್ಗಗಳು ರಾಷ್ಟ್ರೀಯ ರೈಲ್ವೆಯಿಂದ ಹೊರಗೆ ಹೋದವು. ಅದರಲ್ಲಿ 45 ಬಸ್ಸಾದವು, 38 ಬೇರೆ ಕೈಗಳಲ್ಲಿ ರೈಲಾಗಿಯೇ ಉಳಿದವು.

ಈ ಕಾನೂನಿನಲ್ಲಿ ನನಗೆ ತುಂಬ ಹಿಡಿಸಿದ್ದು ಅದರ ವಿನಾಯಿತಿಗಳು. ಪಕ್ಕದಲ್ಲಿ ಸರಿಯಾದ ರಸ್ತೆ ಇಲ್ಲದಿದ್ದರೆ ಆ ಮಾರ್ಗವನ್ನು ಮುಟ್ಟುವಂತಿಲ್ಲ. ರಸ್ತೆ ಇದ್ದರೂ ಹಿಮ ಬಿದ್ದು ವರ್ಷಕ್ಕೆ ಹತ್ತು ದಿನಕ್ಕಿಂತ ಜಾಸ್ತಿ ಮುಚ್ಚಿಹೋಗುವುದಾದರೆ ಆಗಲೂ ಮುಟ್ಟುವಂತಿಲ್ಲ. ಜನ ಹೆಚ್ಚಿರುವ ಹೊತ್ತಿನ ಒಂದು ಗಂಟೆಯಲ್ಲಿ ಒಂದೇ ದಿಕ್ಕಿಗೆ ಸಾವಿರ ಜನ ಹೋಗುವುದಾದರೆ ಉಳಿದ ಹೊತ್ತು ಖಾಲಿ ಇದ್ದರೂ ಬಿಡಬೇಕು. ಅಂದರೆ ಸಂಖ್ಯೆ ಒಂದನ್ನೇ ನೋಡಲಿಲ್ಲ, ರೈಲು ಇಲ್ಲದಿದ್ದರೆ ಆ ಜನ ಏನು ಮಾಡುತ್ತಾರೆ ಅನ್ನುವುದನ್ನೂ ನೋಡಿದರು. ನಮ್ಮ ಘಟ್ಟದ ರಸ್ತೆಗಳು ಮಳೆಗಾಲದಲ್ಲಿ ಕುಸಿದು ಮುಚ್ಚುವುದನ್ನು ನೆನೆಸಿಕೊಂಡರೆ ಈ ಹತ್ತು ದಿನದ ನಿಯಮ ದೂರದ ಮಾತು ಅನ್ನಿಸುವುದಿಲ್ಲ. (ಘಟ್ಟದಲ್ಲಿ ರೈಲೂ ನಿಲ್ಲುತ್ತದೆ ಅನ್ನುವುದು ನಿಜ. 2018ರ ಆಗಸ್ಟ್‌ನಲ್ಲಿ ಸಕಲೇಶಪುರ–ಸುಬ್ರಹ್ಮಣ್ಯ ನಡುವೆ ಗುಡ್ಡ ಕುಸಿದು ಹಳಿಗಳೂ ಮುಚ್ಚಿದ್ದವು.)

ಈಗ ನಮ್ಮ ಕಡೆ ಬರೋಣ. ಒಂದು ರೈಲು ಖಾಲಿ ಇದೆ ಅಂದರೆ, ಯಾಕೆ ಖಾಲಿ ಅಂತ ಕೇಳಬೇಕು. ಇದಕ್ಕೆ ಶಿವಮೊಗ್ಗ–ತಾಳಗುಪ್ಪ ಮಾರ್ಗಕ್ಕಿಂತ ಒಳ್ಳೆಯ ಪಾಠ ಕರ್ನಾಟಕದಲ್ಲಿ ಸಿಗುವುದು ಕಷ್ಟ.

ಶಿವಮೊಗ್ಗದವರೆಗೆ ಬ್ರಾಡ್‌ಗೇಜ್ (ಅಗಲದ ಹಳಿ) ಬಂದ ಮೇಲೂ ಅಲ್ಲಿಂದ ಮುಂದೆ ಕುಂಸಿ, ಅರಸಾಳು, ಆನಂದಪುರ, ಸಾಗರ ದಾಟಿ ತಾಳಗುಪ್ಪದವರೆಗೆ ಕಡಿಮೆ ಅಗಲದ ಮೀಟರ್‌ಗೇಜೇ ಉಳಿದಿತ್ತು. ಅದರ ಮೇಲೆ ಓಡುತ್ತಿದ್ದದ್ದು ರೈಲುಬಸ್. ಹೆಸರೇ ಹೇಳುವಂತೆ ಹಳಿಯ ಮೇಲೆ ಹೋಗುವ ಬಸ್ಸಿನಷ್ಟು ದೊಡ್ಡ ಗಾಡಿ. ಸಾಗರದವರು ಬೆಂಗಳೂರಿಗೆ ಹೋಗಬೇಕು ಅಂದರೆ ಶಿವಮೊಗ್ಗದಲ್ಲಿ ಇಳಿದು, ಕಾದು, ಬೇರೆ ರೈಲು ಹತ್ತಬೇಕು. ಅದೇ ಹೊತ್ತಿಗೆ ಸಾಗರದ ಬಸ್ ನಿಲ್ದಾಣದಿಂದ ರಾತ್ರಿ ಹೊರಡುವ ಬಸ್ಸು ಬೆಳಿಗ್ಗೆ ನೇರ ಬೆಂಗಳೂರಿಗೆ ಬಿಡುತ್ತದೆ. ಲಗೇಜು, ಮಕ್ಕಳು, ವಯಸ್ಸಾದವರನ್ನು ಕಟ್ಟಿಕೊಂಡು ಯಾರು ರೈಲುಬಸ್ ಹತ್ತುತ್ತಾರೆ? ಆಗಿನ ಪ್ರಯಾಣಿಕರ ಸಂಖ್ಯೆಯನ್ನಷ್ಟೇ ಹಿಡಿದುಕೊಂಡು ಕೂತಿದ್ದರೆ ಆ ಮಾರ್ಗಕ್ಕೆ ಬೀಗ ಹಾಕುವುದೇ ಸರಿ ಅಂತ ಯಾರಿಗಾದರೂ ಅನ್ನಿಸುತ್ತಿತ್ತು.

ಬೀಗ ಹಾಕಲಿಲ್ಲ. ಹಂತ ಹಂತವಾಗಿ ಬ್ರಾಡ್‌ಗೇಜ್ ಮಾಡಿ 2011ರ ಹೊತ್ತಿಗೆ ತಾಳಗುಪ್ಪ ಮುಟ್ಟಿಸಿದರು. ಆಮೇಲೆ ಅಲ್ಲಿಂದ ಬೆಂಗಳೂರು, ಮೈಸೂರಿಗೆ ನೇರ ರೈಲು ಬಂತು. ರಾತ್ರಿ ಹತ್ತಿ ಮಲಗಿದರೆ ಬೆಳಿಗ್ಗೆ ಊರು. ಹಬ್ಬದ ಸಮಯದಲ್ಲಿ ಸಾಗರದ ಕಡೆಯವರನ್ನು ಕೇಳಿ ನೋಡಿ, ರಿಸರ್ವೇಶನ್ ಸಿಗುವುದು ಎಷ್ಟು ಕಷ್ಟ ಅಂತ ಹೇಳುತ್ತಾರೆ. ಜೋಗಕ್ಕೆ ಹೋಗುವ ಪ್ರವಾಸಿಗರಿಗೂ ತಾಳಗುಪ್ಪವೇ ಹತ್ತಿರದ ಸ್ಟೇಷನ್. ಊರುಗಳು ಬದಲಾಗಲಿಲ್ಲ, ಜನ ಬದಲಾಗಲಿಲ್ಲ. ಬದಲಾದದ್ದು ಅವರಿಗೆ ಕೊಟ್ಟ ಸೇವೆ.

ಬೀದರ್–ಕಲಬುರಗಿ ಮಾರ್ಗದ ಕಥೆ ಇನ್ನೊಂದು ಬಗೆ. ಎಷ್ಟೋ ವರ್ಷ ಕಾದ ಮೇಲೆ 2017ರ ಅಕ್ಟೋಬರ್‌ನಲ್ಲಿ ಉದ್ಘಾಟನೆ ಆಯಿತು. ಖರ್ಚಿನಲ್ಲಿ ಅರ್ಧ ಕರ್ನಾಟಕ ಸರ್ಕಾರದ್ದು. ಅಷ್ಟು ದುಡ್ಡು ಸುರಿದು ಹೊಸ ಹಳಿ ಹಾಕಿದ ಮೇಲೆ ಅದರ ಮೇಲೆ ಬಿಟ್ಟದ್ದು ಬೆರಳೆಣಿಕೆಯ ಡೆಮು (ಡೀಸೆಲ್ ಲೋಕಲ್) ರೈಲುಗಳನ್ನು. ಬೆಳಿಗ್ಗೆ ಹೋಗಿ ಕೆಲಸ ಮುಗಿಸಿ ಬರಲು ಅನುಕೂಲವಾದ ಸಮಯಕ್ಕೆ ರೈಲಿಲ್ಲದಿದ್ದರೆ ಜನ ಬಸ್ಸನ್ನೇ ನಂಬುತ್ತಾರೆ. ಆಮೇಲೆ ‘ಜನ ಬರುತ್ತಿಲ್ಲ, ಇನ್ನೊಂದು ರೈಲು ಯಾಕೆ’ ಅನ್ನುವ ಮಾತು ಬರುತ್ತದೆ. ಎಷ್ಟೋ ಕಡೆ ಸಣ್ಣ ಮಾರ್ಗಗಳು ಸಾಯುವುದು ಹೀಗೇ. ರೈಲು ಕಡಿಮೆ ಮಾಡಿ, ಜನ ಕಡಿಮೆ ಆದರು ಅಂತ ತೋರಿಸಿ, ಮತ್ತೆ ರೈಲು ಕಡಿಮೆ ಮಾಡುವುದು.

ಕೊರೊನಾ ಕಾಲದಲ್ಲಿ ಇದು ದೇಶಕ್ಕೆಲ್ಲ ಆಯಿತು. 2020ರ ಮಾರ್ಚ್‌ನಲ್ಲಿ ನಿಂತ ಪ್ಯಾಸೆಂಜರ್ ರೈಲುಗಳು ಮತ್ತೆ ಶುರುವಾದಾಗ ‘ಸ್ಪೆಷಲ್ ಎಕ್ಸ್‌ಪ್ರೆಸ್’ ಆಗಿದ್ದವು. ಕನಿಷ್ಠ ಟಿಕೆಟ್ 10 ರೂಪಾಯಿಂದ 30ಕ್ಕೆ ಏರಿತ್ತು. ಅದೇ ಬೋಗಿ, ಅದೇ ವೇಗ, ಮೂರು ಪಟ್ಟು ದರ. ಎಷ್ಟೋ ಸಣ್ಣ ಹಾಲ್ಟ್‌ಗಳಲ್ಲಿ ನಿಲುಗಡೆಯೂ ಹೋಯಿತು. 2024ರ ಫೆಬ್ರವರಿಯಲ್ಲಿ ದರವನ್ನು ಮತ್ತೆ 10 ರೂಪಾಯಿಗೆ ಇಳಿಸಿದರು. ಆದರೆ ಮೂರೂವರೆ, ನಾಲ್ಕು ವರ್ಷದಲ್ಲಿ ಜನರ ರೂಢಿ ಬದಲಾಗಿರುತ್ತದೆ. ಒಬ್ಬರು ಸ್ಕೂಟರ್ ಕೊಂಡಿರುತ್ತಾರೆ, ಇನ್ನೊಬ್ಬರು ಶೇರ್ ಆಟೊ ಗುರುತು ಮಾಡಿಕೊಂಡಿರುತ್ತಾರೆ. ಹೋದವರು ದರ ಇಳಿದ ಮರುದಿನವೇ ವಾಪಸ್ ಬರುವುದಿಲ್ಲ. ಹಾಸನ–ಮಂಗಳೂರು ಮಾರ್ಗವನ್ನು ಗೇಜ್ ಬದಲಾಯಿಸಲು 1996ರಲ್ಲಿ ಮುಚ್ಚಿ, ಪ್ರಯಾಣಿಕರ ರೈಲು ಬಿಟ್ಟದ್ದು 2007ರ ಡಿಸೆಂಬರ್‌ನಲ್ಲಿ. ಹನ್ನೊಂದು ವರ್ಷದಲ್ಲಿ ಕರಾವಳಿಯ ಒಂದು ಪೀಳಿಗೆ ರಾತ್ರಿ ಬಸ್ಸಿಗೆ ಒಗ್ಗಿಹೋಯಿತು.

ಹಾಗಂತ ಖಾಲಿ ರೈಲಿನ ತಪ್ಪೆಲ್ಲ ರೈಲ್ವೆಯದ್ದೇ ಅನ್ನಲಾಗುವುದಿಲ್ಲ. ಕೋಲಾರವನ್ನು ನೋಡಿ. ಬಂಗಾರಪೇಟೆ–ಕೋಲಾರ ನಡುವೆಯೂ ವರ್ಷಗಟ್ಟಲೆ ರೈಲುಬಸ್ ಓಡಿದೆ. ಕೋಲಾರದಿಂದ ಬೆಂಗಳೂರಿಗೆ ನೇರ ಹೆದ್ದಾರಿ ಇದೆ, ಬಸ್ಸಿಗೆ ಕಾಯುವ ಮಾತೇ ಇಲ್ಲ. ರೈಲಿನಲ್ಲಾದರೆ ಸುತ್ತಿಕೊಂಡು ಬರಬೇಕು. ಇಲ್ಲಿ ಭೂಗೋಳವೇ ರೈಲಿನ ವಿರುದ್ಧ ಇದೆ. ಎಷ್ಟು ರೈಲು ಹೆಚ್ಚಿಸಿದರೂ ಬೆಂಗಳೂರಿಗೆ ಹೋಗುವ ಕೋಲಾರದವರು ಹೆದ್ದಾರಿಯನ್ನೇ ಆರಿಸಿಕೊಳ್ಳುತ್ತಾರೆ, ಅದು ಸರಿಯೂ ಹೌದು. ತಾಳಗುಪ್ಪದ ಖಾಲಿತನಕ್ಕೂ ಕೋಲಾರದ ಖಾಲಿತನಕ್ಕೂ ಇರುವ ಈ ವ್ಯತ್ಯಾಸ ಪ್ರಯಾಣಿಕರನ್ನು ಎಣಿಸಿದ ಪಟ್ಟಿಯಲ್ಲಿ ಕಾಣುವುದಿಲ್ಲ. ಅಲ್ಲಿ ಎರಡೂ ಒಂದೇ ಥರ ಕಡಿಮೆ ಸಂಖ್ಯೆ, ಅಷ್ಟೆ.

ಇನ್ನು ನಷ್ಟದ ಲೆಕ್ಕ. ಈ ವಿಷಯದಲ್ಲಿ ಜಾಸ್ತಿ ಗೊಂದಲ ಇರುವುದು ಇಲ್ಲೇ. ಒಂದು ಕಾಲ್ಪನಿಕ ಮಾರ್ಗ ಇಟ್ಟುಕೊಳ್ಳೋಣ. ವರ್ಷಕ್ಕೆ ಖರ್ಚು 12 ಕೋಟಿ, ಟಿಕೆಟ್ ಹಣ 2 ಕೋಟಿ. ಪುಸ್ತಕದಲ್ಲಿ ನಷ್ಟ 10 ಕೋಟಿ. ಮುಚ್ಚಿದರೆ 10 ಕೋಟಿ ಉಳಿಯುತ್ತದಾ?

ಆ 12 ಕೋಟಿಯನ್ನು ಬಿಡಿಸಿ ನೋಡಿ. 3 ಕೋಟಿ ವಲಯ ಕಚೇರಿ, ವಿಭಾಗ ಕಚೇರಿ, ಪಿಂಚಣಿ ಮುಂತಾದವುಗಳ ಪಾಲು ಅಂದುಕೊಳ್ಳಿ. ಈ ಮಾರ್ಗ ಮುಚ್ಚಿದರೆ ಆ ಕಚೇರಿಗಳು ಮುಚ್ಚುವುದಿಲ್ಲ, ಆ ಪಾಲು ಬೇರೆ ಮಾರ್ಗಗಳ ತಲೆಗೆ ಹೋಗುತ್ತದೆ. ಮನೆಯಲ್ಲಿ ಐದು ಜನರ ಪೈಕಿ ಒಬ್ಬರು ಬೇರೆ ಊರಿಗೆ ಹೋದರೆ ಬಾಡಿಗೆ ಐದನೇ ಒಂದರಷ್ಟು ಇಳಿಯುತ್ತದಾ? ಇಲ್ಲ ಅಲ್ವಾ. ಮುಂದಿನ 5 ಕೋಟಿ ಹಳಿ, ಸೇತುವೆ, ಸಿಗ್ನಲ್, ಗೇಟ್‌ಮನ್, ಗ್ಯಾಂಗ್‌ಮನ್‌ಗಳದ್ದು. ಅದೇ ಹಳಿಯ ಮೇಲೆ ಗೂಡ್ಸ್ ಹೋಗುತ್ತಿದ್ದರೆ ಇದರಲ್ಲಿ ಬಹುಪಾಲು ಹಾಗೇ ಉಳಿಯುತ್ತದೆ. ಪ್ರಯಾಣಿಕರ ರೈಲು ನಿಲ್ಲಿಸಿದ ತಕ್ಷಣ ನಿಜವಾಗಿ ನಿಲ್ಲುವ ಖರ್ಚು ಉಳಿದ 4 ಕೋಟಿ: ಡೀಸೆಲ್ ಅಥವಾ ಕರೆಂಟು, ಲೋಕೊ ಪೈಲಟ್ ಮತ್ತು ಗಾರ್ಡ್, ಬೋಗಿಗಳ ರಿಪೇರಿ. ಬರುತ್ತಿದ್ದ 2 ಕೋಟಿ ಟಿಕೆಟ್ ಹಣವೂ ನಿಲ್ಲುತ್ತದೆ. ಕೊನೆಗೆ ಉಳಿದದ್ದು 2 ಕೋಟಿ. ಪುಸ್ತಕದ 10 ಕೋಟಿ ಎಲ್ಲಿ, ಈ 2 ಕೋಟಿ ಎಲ್ಲಿ?

ಗೂಡ್ಸ್ ಇಲ್ಲದ ಮಾರ್ಗದಲ್ಲಿ ಹಳಿಯ ಖರ್ಚೂ ಉಳಿಯುತ್ತದೆ, ಒಪ್ಪಿಕೊಳ್ಳಬೇಕು. ಅಲ್ಲಿ ಮುಚ್ಚುವವರ ವಾದಕ್ಕೆ ತೂಕ ಜಾಸ್ತಿ. ಆದರೆ ಅಲ್ಲೂ ಇನ್ನೊಂದು ಲೆಕ್ಕ ಇದೆ. ಸಾಗರದಲ್ಲಿ ಹತ್ತಿದವರು ಬೆಂಗಳೂರಿನವರೆಗೆ ಟಿಕೆಟ್ ತೆಗೆದುಕೊಂಡಿರುತ್ತಾರೆ. ಆ ಹಣದಲ್ಲಿ ಸಾಗರದ ಕವಲು ಮಾರ್ಗಕ್ಕೆ ದೂರಕ್ಕೆ ತಕ್ಕಂತೆ ಸಣ್ಣ ಪಾಲು ಕೊಟ್ಟರೆ, ದೊಡ್ಡ ಪಾಲು ಬೀರೂರು–ಬೆಂಗಳೂರಿನ ಮುಖ್ಯ ಮಾರ್ಗದ ಗಳಿಕೆಯಾಗಿ ಕಾಣುತ್ತದೆ. ಕವಲು ಕತ್ತರಿಸಿದರೆ ಆ ಪ್ರಯಾಣಿಕ ಮುಖ್ಯ ಮಾರ್ಗಕ್ಕೂ ಬರುವುದಿಲ್ಲ.

ಈ ತಪ್ಪನ್ನು ದೊಡ್ಡ ಪ್ರಮಾಣದಲ್ಲಿ ಮಾಡಿದವರು ಬ್ರಿಟನ್ನಿನವರು. 1963ರ ಮಾರ್ಚ್‌ನಲ್ಲಿ ಅಲ್ಲಿನ ರೈಲ್ವೆ ಮಂಡಳಿಯ ಅಧ್ಯಕ್ಷ ರಿಚರ್ಡ್ ಬೀಚಿಂಗ್ ಒಂದು ವರದಿ ಕೊಟ್ಟರು. ಒಟ್ಟು ಮಾರ್ಗದ ಮೂರನೇ ಒಂದು ಭಾಗ ಹೊರುತ್ತಿದ್ದದ್ದು ಪ್ರಯಾಣಿಕರ ಓಡಾಟದಲ್ಲಿ ಬರೀ ಶೇಕಡಾ 1. ಅರ್ಧದಷ್ಟು ಸ್ಟೇಷನ್‌ಗಳಿಂದ ಬರುತ್ತಿದ್ದದ್ದು ಪ್ರಯಾಣಿಕರ ಗಳಿಕೆಯ ಶೇಕಡಾ 2. ಈ ಅಂಕಿ ನೋಡಿದರೆ ಯಾರ ಕೈಯಾದರೂ ಕತ್ತರಿಗೆ ಹೋಗುತ್ತದೆ. ಅವರು ಸುಮಾರು 5,000 ಮೈಲಿ ಮಾರ್ಗ ಮತ್ತು 2,363 ಸ್ಟೇಷನ್ ಮುಚ್ಚಬೇಕು ಅಂದರು. ಬೀಚಿಂಗ್ ದಡ್ಡರೇನೂ ಅಲ್ಲ. ಕಂಟೇನರ್ ಗೂಡ್ಸ್ ರೈಲಿನ ಯೋಜನೆ ಅವರ ವರದಿಯಲ್ಲೇ ಇತ್ತು, ಅದು ಚೆನ್ನಾಗಿ ಬೆಳೆಯಿತು. ಕೆಲವು ಮಾರ್ಗಗಳಲ್ಲಿ ನಿಜಕ್ಕೂ ಯಾರೂ ಹೋಗುತ್ತಿರಲಿಲ್ಲ.

ಆದರೆ ಎಣಿಕೆ ನಡೆದದ್ದು 1961ರ ಏಪ್ರಿಲ್‌ನ ಒಂದು ವಾರ. ಬೇಸಿಗೆ ರಜೆಯಲ್ಲಿ ತುಂಬಿ ಹೋಗುವ ಸಮುದ್ರ ತೀರದ ಮಾರ್ಗಗಳು ಆ ವಾರ ಖಾಲಿ ಕಂಡವು. ಜೊತೆಗೆ, ಕವಲು ಮಾರ್ಗ ಹೋದರೆ ಜನ ಕಾರಿನಲ್ಲಿ ಹತ್ತಿರದ ದೊಡ್ಡ ಸ್ಟೇಷನ್‌ಗೆ ಬಂದು ಅಲ್ಲಿಂದ ರೈಲು ಹಿಡಿಯುತ್ತಾರೆ ಅಂತ ಅಂದುಕೊಂಡಿದ್ದರು. ಕಾರು ಹತ್ತಿದವರಲ್ಲಿ ಬಹಳ ಜನ ಕೊನೆಯವರೆಗೂ ಕಾರಿನಲ್ಲೇ ಹೋದರು. ರೈಲಿನ ಬದಲು ಕೊಟ್ಟ ಬಸ್ಸುಗಳು ಎಷ್ಟೋ ಕಡೆ ಕೆಲವೇ ವರ್ಷಗಳಲ್ಲಿ ನಿಂತವು. ರೈಲ್ವೆಯ ನಷ್ಟವಂತೂ ನಿಲ್ಲಲಿಲ್ಲ.

ಬ್ರಿಟನ್ ಆಮೇಲೆ ಮಾಡಿದ್ದು ನಮಗೆ ಇನ್ನೂ ಮುಖ್ಯ. 1968ರ ಕಾನೂನಿನಲ್ಲಿ ‘ಈ ಮಾರ್ಗ ಲಾಭ ತರುವುದಿಲ್ಲ, ಆದರೆ ಸಮಾಜಕ್ಕೆ ಬೇಕು’ ಅಂತ ಸರ್ಕಾರವೇ ಗುರುತಿಸಿ, ಆ ಮಾರ್ಗದ ಹೆಸರಿನಲ್ಲೇ ಹಣ ಕೊಡುವ ವ್ಯವಸ್ಥೆ ತಂದರು. ಯಾವ ಮಾರ್ಗಕ್ಕೆ ಎಷ್ಟು ಹೋಗುತ್ತಿದೆ ಅನ್ನುವುದು ಕಾಣತೊಡಗಿತು. ಕಂಡದ್ದನ್ನು ಜನ ಪ್ರಶ್ನೆ ಮಾಡಬಹುದು, ಸಮರ್ಥಿಸಲೂಬಹುದು. ಉತ್ತರ ಇಂಗ್ಲೆಂಡಿನ ಸೆಟಲ್–ಕಾರ್ಲೈಲ್ ಮಾರ್ಗವನ್ನು 1980ರ ದಶಕದಲ್ಲಿ ಮುಚ್ಚಲು ಹೊರಟಾಗ ಜನ ಎದ್ದು ನಿಂತರು. 24 ಕಮಾನುಗಳ ಹಳೆಯ ಸೇತುವೆಯೊಂದರ ರಿಪೇರಿಯೇ ದೊಡ್ಡ ನೆಪವಾಗಿತ್ತು. 1983ರಲ್ಲಿ ಅಲ್ಲಿ ವರ್ಷಕ್ಕೆ 93,000 ಪ್ರಯಾಣಗಳು ಆಗುತ್ತಿದ್ದವು. ನಿಂತಿದ್ದ ಸಣ್ಣ ಸ್ಟೇಷನ್‌ಗಳು ಮತ್ತೆ ತೆರೆದು, ಸುದ್ದಿ ಹರಡಿ, 1989ರ ಹೊತ್ತಿಗೆ ಅದು ಸುಮಾರು 4.5 ಲಕ್ಷ ಆಯಿತು. ಆ ವರ್ಷವೇ ಸರ್ಕಾರ ಮುಚ್ಚುವ ಯೋಚನೆ ಕೈಬಿಟ್ಟಿತು. ಸೇತುವೆಯ ರಿಪೇರಿಯೂ ಮೊದಲು ಹೆದರಿಸಿದ್ದಕ್ಕಿಂತ ಕಡಿಮೆ ಖರ್ಚಿನಲ್ಲಿ ಮುಗಿಯಿತು.

ನಮ್ಮಲ್ಲಿ ಹಣ ಕಾಣದಂತೆ ಹೋಗುತ್ತದೆ. ನಷ್ಟದ ಕವಲು ಮಾರ್ಗಗಳ ಬಗ್ಗೆ 1969ರಷ್ಟು ಹಿಂದೆಯೇ ಒಂದು ಸಮಿತಿ ಆಗಿತ್ತು. ಮುಚ್ಚಿ ಅಂತ ರೈಲ್ವೆ ಹೇಳುವುದು, ಬೇಡ ಅಂತ ರಾಜ್ಯ ಸರ್ಕಾರಗಳು ಹೇಳುವುದು, ಕೊನೆಗೆ ಮುಚ್ಚದೆ, ಸುಧಾರಿಸದೆ ಹಾಗೇ ಬಿಡುವುದು. ಬೇಡ ಅಂದ ರಾಜ್ಯ ಅದಕ್ಕೆ ದುಡ್ಡು ಕೊಡಬೇಕಿಲ್ಲ. ಓಡಿಸಿದ ರೈಲ್ವೆ ಅದನ್ನು ಚೆನ್ನಾಗಿ ಓಡಿಸಬೇಕು ಅಂತ ಒಪ್ಪಂದವೂ ಇಲ್ಲ. ಎಷ್ಟೋ ಹೊಸ ಮಾರ್ಗ ಹಾಕುವಾಗ ಕರ್ನಾಟಕ ಅರ್ಧ ಖರ್ಚು ಕೊಟ್ಟಿದೆ, ಜಮೀನೂ ಕೊಟ್ಟಿದೆ. ಆದರೆ ಹಾಕಿದ ಹಳಿಯ ಮೇಲೆ ದಿನಕ್ಕೆ ಎಷ್ಟು ರೈಲು, ಎಷ್ಟು ಹೊತ್ತಿಗೆ ಅನ್ನುವುದರಲ್ಲಿ ರಾಜ್ಯಕ್ಕೆ ಹಿಡಿತ ಇಲ್ಲ. ಬೀದರ್–ಕಲಬುರಗಿಯಲ್ಲಿ ಆದದ್ದು ಇದೇ.

ಅದೇ ಬೀದರ್‌ನಿಂದ ಇನ್ನೊಂದು ಉದಾಹರಣೆ ಕೊಡುತ್ತೇನೆ. 2016ರಲ್ಲಿ ಕೇಂದ್ರ ಸರ್ಕಾರ ಉಡಾನ್ ಯೋಜನೆ ತಂದಿತು. ಸಣ್ಣ ಊರುಗಳಿಗೆ ವಿಮಾನ ಹಾರಿಸುವ ಕಂಪನಿಗಳು ಅರ್ಧದಷ್ಟು ಸೀಟುಗಳನ್ನು ಗಂಟೆಯ ಹಾರಾಟಕ್ಕೆ ಸುಮಾರು 2,500 ರೂಪಾಯಿಗೆ ಕೊಡಬೇಕು. ಅದರಿಂದ ಬೀಳುವ ಕೊರತೆಯನ್ನು ಮೂರು ವರ್ಷದವರೆಗೆ ತುಂಬಿಕೊಡುತ್ತಾರೆ. ಹೆಚ್ಚಿನ ಪಾಲು ಕೇಂದ್ರದ್ದು, ಉಳಿದದ್ದು ರಾಜ್ಯದ್ದು. ಬೆಂಗಳೂರು–ಬೀದರ್ ವಿಮಾನ 2020ರ ಫೆಬ್ರವರಿಯಲ್ಲಿ ಹೀಗೇ ಶುರುವಾಯಿತು. ಈ ಯೋಜನೆ ಎಲ್ಲ ಕಡೆ ಗೆದ್ದಿಲ್ಲ. ಸರ್ಕಾರದ ಲೆಕ್ಕ ಪರಿಶೋಧಿಸುವ ಸಿಎಜಿಯ 2023ರ ವರದಿಯ ಪ್ರಕಾರ, ನೋಡಿದ 774 ಮಾರ್ಗಗಳಲ್ಲಿ ವಿಮಾನ ಹಾರಿದ್ದು 371ರಲ್ಲಿ, ಮೂರು ವರ್ಷ ಪೂರೈಸಿದ್ದು 112. ಆದರೆ ಗಮನಿಸಿ, ಮಾರ್ಗಕ್ಕೆ ಒಂದು ಒಪ್ಪಂದ, ಒಂದು ಅವಧಿ ಇದ್ದದ್ದಕ್ಕೇ ಈ ಸೋಲನ್ನೂ ಎಣಿಸಲು ಆಯಿತು. ಜನ ಕಡಿಮೆ ಇರುವ ವಿಮಾನಕ್ಕೆ ಸರ್ಕಾರದ ನೆರವು ಬೇಕು ಅಂತ ನಾವು ಒಪ್ಪಿದ್ದೇವೆ. ಬಸ್ಸಿಗೂ ಒಪ್ಪಿದ್ದೇವೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳ ಟಿಕೆಟ್ ಹಣವನ್ನು ರಾಜ್ಯ ಸರ್ಕಾರ ಸಾರಿಗೆ ನಿಗಮಗಳಿಗೆ ತುಂಬಿಕೊಡುತ್ತಿದೆ. ಅದು ಒಳ್ಳೆಯ ಕೆಲಸ ಅಂತಲೇ ನಾನು ನಂಬುತ್ತೇನೆ. ಹತ್ತು ರೂಪಾಯಿ ಟಿಕೆಟ್‌ನ ಪ್ಯಾಸೆಂಜರ್ ರೈಲಿಗೆ ಬಂದಾಗ ಮಾತ್ರ ಲಾಭ ಎಲ್ಲಿ ಅಂತ ಕೇಳುವುದು ನ್ಯಾಯ ಅಲ್ಲ.

ಆ ರೈಲಿನಲ್ಲಿ ಹೋಗುವವರು ಯಾರು? ಸೀಸನ್ ಪಾಸ್ ಮಾಡಿಸಿಕೊಂಡ ಕಾಲೇಜು ಮಕ್ಕಳು, ಗಾರೆ ಕೆಲಸದವರು, ಸೊಪ್ಪು ತರಕಾರಿ ಮೂಟೆ ಕಟ್ಟಿಕೊಂಡು ಪೇಟೆಗೆ ಹೋಗುವವರು, ಆಸ್ಪತ್ರೆಗೆ ಹೊರಟ ವಯಸ್ಸಾದವರು. ಬಸ್ಸಿನಲ್ಲಿ ಕೂರಲು ಕಷ್ಟಪಡುವ ಗರ್ಭಿಣಿಗೂ ಸಕ್ಕರೆ ಕಾಯಿಲೆಯವರಿಗೂ ರೈಲಿನಲ್ಲಿ ಶೌಚಾಲಯ ಇರುವುದೇ ದೊಡ್ಡ ವಿಷಯ. ಇದ್ಯಾವುದೂ ಟಿಕೆಟ್ ಹಣದಲ್ಲಿ ಕಾಣುವುದಿಲ್ಲ.

ಪರಿಸರದ ವಾದವನ್ನು ಮಾತ್ರ ಹುಷಾರಾಗಿ ಬಳಸಬೇಕು. ರೈಲು ಅಂದ ತಕ್ಷಣ ಹಸಿರು ಅಂತ ಅಲ್ಲ. ಇಪ್ಪತ್ತು ಜನರನ್ನು ಹೊತ್ತ ಎಂಟು ಬೋಗಿಯ ಡೀಸೆಲ್ ರೈಲಿಗಿಂತ ಅದೇ ಇಪ್ಪತ್ತು ಜನರ ಒಂದು ಬಸ್ಸು ಎಷ್ಟೋ ಮೇಲು. ರೈಲಿನ ಶಕ್ತಿ ಇರುವುದು ಬಹಳ ಜನರನ್ನು ಒಟ್ಟಿಗೆ ಹೊರುವುದರಲ್ಲಿ. ಚೆನ್ನಾಗಿ ರೈಲು ಬಿಟ್ಟ ಮೇಲೂ ಜನ ಬರದಿದ್ದರೆ, ಪಕ್ಕದಲ್ಲೇ ಒಳ್ಳೆ ರಸ್ತೆ ಇದ್ದರೆ, ಗೂಡ್ಸ್ ಕೂಡ ಇಲ್ಲದಿದ್ದರೆ, ಆ ದುಡ್ಡಿನಲ್ಲಿ ಅರ್ಧ ಗಂಟೆಗೊಂದು ಬಸ್ಸು ಬಿಡುವುದೇ ಆ ಊರಿನವರಿಗೆ ಮಾಡುವ ಉಪಕಾರ. ಉಳಿದ ಬೋಗಿಗಳನ್ನು ಬೆಂಗಳೂರಿನ ಸುತ್ತ ನೇತಾಡಿಕೊಂಡು ಹೋಗುವವರಿಗೆ ಕೊಡಬಹುದು.

ಆದರೆ ಅದಕ್ಕೆ ಮೊದಲು ಒಂದು ಸರಿಯಾದ ಪರೀಕ್ಷೆ ಆಗಬೇಕು. ಕಾಲೇಜು ಮತ್ತು ಕಚೇರಿ ಸಮಯಕ್ಕೆ ಹೊಂದುವ ವೇಳಾಪಟ್ಟಿ, ದಿನಕ್ಕೆ ಕಡೇಪಕ್ಷ ನಾಲ್ಕೈದು ಜೋಡಿ ರೈಲು, ಮುಖ್ಯ ಮಾರ್ಗದ ರೈಲಿಗೆ ಸಂಪರ್ಕ, ಸ್ಟೇಷನ್‌ನಿಂದ ಊರೊಳಗೆ ಬಸ್ಸು. ಇದನ್ನು ಮೂರರಿಂದ ಐದು ವರ್ಷ ಬಿಡದೆ ನಡೆಸಬೇಕು. ಖರ್ಚು ಕೇಂದ್ರ ಮತ್ತು ರಾಜ್ಯ ಹಂಚಿಕೊಳ್ಳಲಿ. ಎಷ್ಟು ಜನ ಹೋದರು, ಎಷ್ಟು ಖರ್ಚಾಯಿತು ಅನ್ನುವುದನ್ನು ಪ್ರತಿ ವರ್ಷ ಮಾರ್ಗವಾರು ಪ್ರಕಟಿಸಲಿ. ಹೀಗೆ ಪಾಲು ಮಾಡಿಕೊಳ್ಳುವುದು ಕನಸೇನೂ ಅಲ್ಲ. ಜಪಾನಿನ ತಾದಾಮಿ ಮಾರ್ಗದಲ್ಲಿ 2011ರ ಪ್ರವಾಹಕ್ಕೆ ಸೇತುವೆಗಳು ಕೊಚ್ಚಿಹೋದಾಗ ರೈಲ್ವೆ ಕಂಪನಿ ಬಸ್ಸು ಬಿಡೋಣ ಅಂದಿತು. ಫುಕುಶಿಮಾ ಆಡಳಿತ ಮತ್ತು ಸುತ್ತಲಿನ ಊರುಗಳು ಒಪ್ಪಲಿಲ್ಲ, ಆದರೆ ಸುಮ್ನೆ ಪ್ರತಿಭಟನೆ ಮಾಡಿ ಬಿಡಲೂ ಇಲ್ಲ. ಹಾಳಾದ ಭಾಗದ ಹಳಿಗಳನ್ನು ತಾವೇ ವಹಿಸಿಕೊಂಡು, ನಿರ್ವಹಣೆಯ ಖರ್ಚು ತಾವು ಹೊತ್ತು, ರೈಲು ಓಡಿಸುವ ಕೆಲಸವನ್ನು ಕಂಪನಿಗೆ ಬಿಟ್ಟವು. 2022ರ ಅಕ್ಟೋಬರ್ 1ರಂದು ರೈಲು ಮತ್ತೆ ಬಂತು.

ಪರೀಕ್ಷೆಯಲ್ಲಿ ಸೋತ ಮಾರ್ಗ ನಿಲ್ಲಲಿ. ಆಗಲೂ ಒಂದು ಎಚ್ಚರ ಬೇಕು. ರೈಲು ನಿಲ್ಲಿಸಿ, ಬೇಕಾದರೆ ಹಳಿ ಎತ್ತಿ, ಆದರೆ ಆ ಪಟ್ಟಿ ಜಾಗವನ್ನು ತುಂಡು ತುಂಡಾಗಿ ಮಾರಬೇಡಿ. ಸ್ಕಾಟ್ಲೆಂಡಿನಲ್ಲಿ ಎಡಿನ್‌ಬರೊದಿಂದ ದಕ್ಷಿಣಕ್ಕೆ ಹೋಗುವ ಮಾರ್ಗವನ್ನು 1969ರ ಜನವರಿಯಲ್ಲಿ ಮುಚ್ಚಿ ಹಾಗೇ ಮಾಡಿದರು. ಹಳಿ ಹೋಯಿತು, ಸೇತುವೆಗಳು ಹೋದವು, ಕೆಲವು ಕಡೆ ಕಟ್ಟಡ ಎದ್ದವು. ಮತ್ತೆ ರೈಲು ಬೇಕು ಅಂದಾಗ ಮಾರ್ಗದ ಸುಮಾರು 30 ಮೈಲಿಯನ್ನಷ್ಟೇ ಮರಳಿ ಕಟ್ಟಲಾಯಿತು. 2015ರ ಸೆಪ್ಟೆಂಬರ್‌ನಲ್ಲಿ ಅದು ಶುರುವಾಗುವ ಹೊತ್ತಿಗೆ ಆದ ಖರ್ಚು ಸುಮಾರು 30 ಕೋಟಿ ಪೌಂಡ್.